ಬಳುವಳಿ ಹಸು, ಎಂಟು ಹಾಡಿನ ಕ್ಯಾಸೆಟ್ಟು

ಆ ಬ್ಯಾಂಡಿನ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. "ಯಾರದು?" ಅಂತ ಒಂದು ಥರ ಮುಖ ಮಾಡುತ್ತೀರಿ, ನನಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷದಲ್ಲಿ ಆ ಮುಖವನ್ನು ಬೇಕಾದಷ್ಟು ಸಲ ನೋಡಿದ್ದೇನೆ, ಇನ್ನು ಸಾಕು. ಇಂಗ್ಲೆಂಡಿನ ಯಾವುದೋ ಊರಿನ ನಾಲ್ಕು ಜನ. ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ನಾಲ್ವರೂ ಇಟ್ಟಿಗೆ ಗೋಡೆಯೊಂದರ ಮುಂದೆ, ಮೇಷ್ಟ್ರು ಬೈದು ಹೊರಗೆ ನಿಲ್ಲಿಸಿದ ಹುಡುಗರ ಹಾಗೆ ನಿಂತಿದ್ದರು. ಎಂಟೇ ಹಾಡು. ಅವರ ದೇಶದಲ್ಲೇ ಅವರನ್ನು ಯಾರೂ ಕೇಳಲಿಲ್ಲವಂತೆ. ಕೇಳದಿದ್ದರೆ ಅದು ಅವರ ಹಣೆಬರಹ. ಚಿನಕುರಳಿಯಲ್ಲಿ ನಾನು ಕೇಳಿದೆ, ನಮ್ಮ ಹಸುವೂ ಕೇಳಿತು.

ತೊಂಬತ್ತರ ದಶಕ, ನಾನು ಪಾಂಡವಪುರದಲ್ಲಿ ಪಿಯುಸಿ ಓದುತ್ತಿದ್ದ ಕಾಲ. ಕಾಲೇಜು ಬಿಟ್ಟು ಬಸ್ಸಿಗೆ ಕಾಯುವಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಯಾಸೆಟ್ ಅಂಗಡಿಯ ಮುಂದೆ ನಿಲ್ಲುವುದು ನನ್ನ ಚಾಳಿ. ಅಂಗಡಿಯವರನ್ನು ಎಲ್ಲರೂ ಭಾಯಿ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಅವರ ಮೇಜಿನ ಕೆಳಗೆ ಒಂದು ರಟ್ಟಿನ ಡಬ್ಬ ತುಂಬ ಹಳೆಯ ಇಂಗ್ಲಿಷ್ ಕ್ಯಾಸೆಟ್ಟುಗಳಿದ್ದವು. ಅವನ್ನು ಕೇಳುವುದಕ್ಕೆ ಅಂತ ಯಾರೂ ಕೊಳ್ಳುತ್ತಿರಲಿಲ್ಲ, ಅಳಿಸಿ ಬೇರೆ ತುಂಬಿಸಿಕೊಳ್ಳುವುದಕ್ಕೆ ಕೊಳ್ಳುತ್ತಿದ್ದರು. ಹೊಸ ಖಾಲಿ ಕ್ಯಾಸೆಟ್ಟಿಗಿಂತ ಅಗ್ಗ, ಮೇಲಾಗಿ ಟೇಪು ಗಟ್ಟಿ. ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಎರಡು ತೂತಿಗೆ ಕಾಗದ ಉಂಡೆ ಮಾಡಿ ತುರುಕಿದರೆ ಆಯಿತು, ಯಾವ ಇಂಗ್ಲಿಷಿನವನ ಮೇಲೆ ಬೇಕಾದರೂ ನಮ್ಮ ಸಿನಿಮಾ ಹಾಡು ಕೂರುತ್ತಿತ್ತು.

ನನಗೂ ರೇಡಿಯೋದಲ್ಲಿ ಬರುವ ಚಿತ್ರಗೀತೆ ತುಂಬಿಸಿಕೊಳ್ಳಬೇಕಿತ್ತು. ಡಬ್ಬದಿಂದ ಒಂದನ್ನು ಎತ್ತಿಕೊಂಡೆ. ಭಾಯಿ ಅದನ್ನು ತಿರುಗಿಸಿ ನೋಡಿ ನಕ್ಕರು.

"ಅರೇ ತಂಗಿ, ಇದ್ನ ಮೂರ್ ಸಲ ತಕೊಂಡೋಗಿ ಮೂರ್ ಸಲ ವಾಪಸ್ ತಂದವ್ರೆ. ಅಳ್ಸಕ್ಕೂ ಬೇಡ ಅಂತಾರೆ. ನೀನಾದ್ರೂ ಇಟ್ಕೊ."

ಮನೆಗೆ ಬಂದು ಕಾಗದ ತುರುಕಿದೆ. ರೇಡಿಯೋ ಪಕ್ಕಕ್ಕೆ ಟೇಪ್ ರೆಕಾರ್ಡರು ಇಟ್ಟೆ. ಚಿತ್ರಗೀತೆಗೆ ಇನ್ನೂ ಹತ್ತು ನಿಮಿಷವಿತ್ತು. ಅಷ್ಟರಲ್ಲಿ ಇವರೇನು ಹಾಡಿದ್ದಾರೆ ನೋಡೋಣ ಅಂತ ಗುಂಡಿ ಒತ್ತಿದೆ.

ಮೊದಲು ಬರೀ ಡ್ರಮ್ಮು. ಅದೂ ಜೋರಿಲ್ಲ, ಯಾರೋ ಬಾಗಿಲ ಹೊರಗೆ ನಿಂತು ಕರೆಯಲೋ ಬೇಡವೋ ಅಂತ ಅನುಮಾನದಲ್ಲಿ ತಟ್ಟಿದ ಹಾಗೆ. ಆಮೇಲೆ ಒಂದು ಗಿಟಾರು ಕೆಳಗಿನಿಂದ ಗುರ್ ಅಂತ ಬಂತು. ಇನ್ನೊಂದು ಅದರ ಮೇಲೆ ಹತ್ತಿ ಕುಣಿಯಿತು. ಆಮೇಲೆ ಹಾಡುಗಾರ. ಅವನಿಗೆ ನೆಗಡಿ ಇತ್ತೋ ಏನೋ, ಗಂಟಲು ಕಟ್ಟಿದ ದನಿ. ಅವನು ಏನು ಹೇಳಿದ ಅಂತ ಅರ್ಧಕ್ಕರ್ಧ ತಿಳಿಯಲಿಲ್ಲ. ಆದರೆ ಎಲ್ಲರೂ ಸೇರಿ ಒಮ್ಮೆಗೇ ಮೇಲೆದ್ದಾಗ ನನ್ನ ತೋಳಿನ ರೋಮಗಳೆಲ್ಲ ಎದ್ದು ನಿಂತವು. ಅಯ್ಯೋ, ಇಂಥದ್ದೊಂದು ಇದೆ ಅಂತ ನನಗೆ ಯಾರೂ ಯಾಕೆ ಹೇಳಲಿಲ್ಲ ಅನ್ನಿಸಿತು. ರೇಡಿಯೋದಲ್ಲಿ ಚಿತ್ರಗೀತೆ ಶುರುವಾಗಿ ಮುಗಿದೂ ಹೋಯಿತು. ನಾನು ತುರುಕಿದ್ದ ಕಾಗದವನ್ನು ಸೂಜಿಯಿಂದ ಕೆದಕಿ ಕೆದಕಿ ತೆಗೆದು ಬಿಸಾಕಿದೆ.

ಎರಡನೆಯ ಹಾಡಿಗೆ ಅಪ್ಪ ಗದ್ದೆಯಿಂದ ಬಂದರು.

"ಏನಮ್ಮಿ ಇದು? ಕ್ವಾರಿ ಸದ್ದು ಸಾಲ್ದು ಅಂತ ಮನೆವೊಳಕ್ಕೂ ತಂದ್ಯಾ?"

ನಮ್ಮೂರ ಪಕ್ಕದ ಕಲ್ಲುಕ್ವಾರಿಯಲ್ಲಿ ದಿನಾ ಬಂಡೆ ಒಡೆಯುವ ಸದ್ದು ಬರುತ್ತಿತ್ತು. ಅಪ್ಪನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಸುಮ್ಮನಿರುವವಳೇ? "ಕ್ವಾರಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗದವರ ಜೊತೆ ಏನು ಮಾತು" ಅಂದೆ. ಅಪ್ಪ ಟೇಪ್ ರೆಕಾರ್ಡರನ್ನು ಎತ್ತಿ ನನ್ನ ಕೈಗೆ ಕೊಟ್ಟು ಹಿತ್ತಲ ಬಾಗಿಲು ತೋರಿಸಿದರು.

"ಕೇಳ್ಲೇಬೇಕು ಅಂದ್ರೆ ಕೊಟ್ಟಿಗೆಗೋಗಿ ಕೇಳು. ದನ ಕೇಳ್ಕಳ್ಳಿ. ಮನೇಲಿ ಆಕುದ್ರೆ ತಿಪ್ಪೆಗೆ ಬಿಸಾಕ್ಬುಡ್ತೀನಿ."

ಹೀಗೆ ಆ ಬ್ಯಾಂಡು ನಮ್ಮ ಕೊಟ್ಟಿಗೆ ಸೇರಿತು.

ಅದೇ ವಾರ ನಮ್ಮ ಸೀಮೆ ಹಸು ಕರು ಹಾಕಿತ್ತು. ಮೊದಲನೇ ಸೂಲು. ನೋಡಲು ಲಕ್ಷಣವಾಗಿತ್ತು, ಗುಣ ಮಾತ್ರ ನನ್ನದೇ. ಕೆಚ್ಚಲಿಗೆ ಕೈ ಇಟ್ಟರೆ ಸಾಕು, ಒದೆಯುತ್ತಿತ್ತು. ನಮ್ಮ ಮನೆಯಲ್ಲಿ ಹಾಲು ಕರೆಯುವುದು ಅಕ್ಕನ ಕೆಲಸ, ಕರು ಹಿಡಿದುಕೊಳ್ಳುವುದು ನನ್ನದು. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ್ದಳು. ಮಾತು ಕಡಿಮೆ, ಕೈ ಚುರುಕು. ನಾನು ಹತ್ತು ಮಾತಾಡಿದರೆ ಅವಳು ಒಂದಾಡುವಳು, ಆ ಒಂದೂ ನನ್ನನ್ನು ಗದರುವುದಕ್ಕೆ.

ಟೇಪ್ ರೆಕಾರ್ಡರನ್ನು ಹುಲ್ಲಿನ ಹೊರೆಯ ಮೇಲಿಟ್ಟು ಹಾಡು ಹಾಕಿದೆ.

"ಇದ್ಯಾವ್ ಬಾಯ್ ಬಡ್ಕೊಳದು ಅಮ್ಮಿ? ಯಾರಾರಾ ಸತ್ತೋಗವ್ರಾ?" ಅಂದಳು ಅಕ್ಕ.

"ನಿಂಗೇನು ಗೊತ್ತು ಬುಡು" ಅಂದೆ.

ಅಷ್ಟರಲ್ಲಿ ಹಸು ಕಿವಿ ತಿರುಗಿಸಿತು. ಮೊದಲು ಒಂದು ಕಿವಿ, ಆಮೇಲೆ ಎರಡೂ. ಬಾಲ ಬೀಸುವುದು ನಿಂತಿತು. ಅಕ್ಕ ಕೆಚ್ಚಲಿಗೆ ಕೈ ಹಾಕಿದಳು. ಕಾಲು ಎತ್ತಲಿಲ್ಲ. ಚೊಂಬಿನ ತಳಕ್ಕೆ ಹಾಲು ಬೀಳುವ ಚರ್ ಚರ್ ಸದ್ದು ಡ್ರಮ್ಮಿನ ಜೊತೆಗೇ ಕೇಳಿಸಿತು. ನಾನು ಕರುವನ್ನು ಬಿಟ್ಟು ಚಪ್ಪಾಳೆ ತಟ್ಟಿದೆ. ಕರು ಓಡಿಹೋಗಿ ಕೆಚ್ಚಲಿಗೆ ಬಾಯಿ ಹಾಕಿತು. ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದಿದಳು.

ಅವತ್ತಿನಿಂದ ಬೆಳಗ್ಗೆ ಒಂದು ಮಗ್ಗುಲು, ಸಂಜೆ ಒಂದು ಮಗ್ಗುಲು. ಬೆಳಗಿಗೆ ನಾಲ್ಕು ಹಾಡು, ಸಂಜೆಗೆ ನಾಲ್ಕು. ಡೈರಿಗೆ ಹಾಲು ಹಾಕುವವರಲ್ಲಿ ನಮ್ಮ ಕ್ಯಾನೇ ಮೊದಲು ತುಂಬುತ್ತಿತ್ತು. ಒಂದು ದಿನ ಶೆಲ್ಲು ಮುಗಿದು, ಕರೆಂಟೂ ಇಲ್ಲದೆ, ಹಾಡಿಲ್ಲದೆ ಕರೆಯಲು ಹೋದಳು ಅಕ್ಕ. ಹಸು ಹಾಲು ಇಳಿಸಲಿಲ್ಲ. ಅಪ್ಪನೇ ಸೈಕಲ್ ತುಳಿದುಕೊಂಡು ಹೋಗಿ ಶೆಲ್ಲು ತಂದರು. ತಂದು ಹಾಕಿ, "ಥೂ, ಎಂಥಾ ಕಾಲ ಬಂತಪ್ಪ" ಅಂತ ಹೊರಗೆ ಹೋಗಿ ಬೀಡಿ ಹಚ್ಚಿದರು. ಬೀಡಿ ಮುಗಿಯುವವರೆಗೂ ಅಲ್ಲೇ ನಿಂತಿದ್ದರು ಅನ್ನುವುದನ್ನು ನಾನು ಗಮನಿಸಿದ್ದೆ.

ನನಗೋ ಆ ಎಂಟು ಹಾಡು ಬಾಯಿಪಾಠ. ಬಸ್ಸಿನಲ್ಲಿ ಕಂಬಿ ತಟ್ಟುತ್ತಿದ್ದೆ, ರಾಗಿ ಬೀಸುವಾಗ ಗುನುಗುತ್ತಿದ್ದೆ. ಇಂಗ್ಲಿಷ್ ಮಾತು ತಿಳಿಯದ ಕಡೆ ನನ್ನದೇ ಏನೋ ಸೇರಿಸಿ ಹಾಡುತ್ತಿದ್ದೆ. ಕಾಲೇಜಿನ ಗೆಳತಿಯರಿಗೆ ಕೇಳಿಸಿದರೆ ಅರ್ಧ ಹಾಡಿಗೇ ಕಿವಿ ಮುಚ್ಚಿಕೊಂಡರು. ಒಮ್ಮೆ ಶ್ರೀರಂಗಪಟ್ಟಣಕ್ಕೆ ಹೋದಾಗ ಒಂದು ದೊಡ್ಡ ಕ್ಯಾಸೆಟ್ ಅಂಗಡಿಯಲ್ಲಿ, ಇದೇ ಬ್ಯಾಂಡಿನ ಬೇರೆ ಕ್ಯಾಸೆಟ್ಟಿದೆಯಾ, ಇಲ್ಲದಿದ್ದರೆ ಇದೇ ಇನ್ನೊಂದಿದೆಯಾ ಅಂತ ಕೇಳಿದೆ. ಅಂಗಡಿಯವನು ಪುಸ್ತಕ ತೆಗೆದು ನೋಡಿ, "ಇವ್ರು ಮಾಡಿದ್ದೇ ಇದೊಂದು. ಓಡಲಿಲ್ಲ. ಆಮೇಲೆ ನಿಲ್ಲಿಸಿಬುಟ್ರು. ಈಗೆಲ್ಲೂ ಸಿಗಲ್ಲ" ಅಂದ. ಓಡಲಿಲ್ಲವಂತೆ! ಓಡುವುದಕ್ಕೆ ಅದೇನು ಜಟಕಾ ಗಾಡಿಯೇ? ಅವನ ಮುಖಕ್ಕೆ ಹಾಗೆಯೇ ಹೇಳಿ ಬಂದೆ. ನಾಗಮಂಗಲದಲ್ಲಿ ಚಿಕ್ಕಮ್ಮನ ಮನೆ, ಅಲ್ಲಿಗೆ ಹೋದಾಗಲೂ ಹುಡುಕಿದೆ. ಎಲ್ಲೂ ಇಲ್ಲ. ಅಂದರೆ ಇಡೀ ಜಿಲ್ಲೆಗೆ ಒಂದೇ ಕ್ಯಾಸೆಟ್ಟು, ಅದಕ್ಕೆ ಒಬ್ಬಳೇ ಯಜಮಾನಿ, ನಾನು. ಬೇಜಾರೂ ಆಯಿತು, ನಿಜ ಹೇಳಬೇಕೆಂದರೆ ಜಂಬವೂ ಬಂತು. ಅಕ್ಕ ಕೈ ತೊಳೆಯದೆ ಮುಟ್ಟಿದರೂ ರೇಗುತ್ತಿದ್ದೆ.

ಅಷ್ಟರಲ್ಲಿ ಅಕ್ಕನಿಗೆ ಗಂಡು ನೋಡಲು ಶುರುವಾಯಿತು. ಶೀಳನೆರೆಯ ಕಡೆಯ ಸಂಬಂಧ, ಒಳ್ಳೆಯ ಮನೆ, ಒಬ್ಬನೇ ಮಗ. ನಮ್ಮ ಕಡೆ ಹೆಣ್ಣಿನ ಜೊತೆ ಹಸು ಕೊಡುವುದು ವಾಡಿಕೆ. ಬಳುವಳಿ ಹಸು ಅನ್ನುತ್ತೇವೆ. ಮಗಳು ಹೋದ ಮನೆಯಲ್ಲಿ ತವರಿನ ಹಾಲು ಹರಿಯಲಿ ಅಂತ. ಅದಕ್ಕೇ ಗಂಡಿನ ಕಡೆಯವರು ಬಂದರೆ ಹೆಣ್ಣನ್ನು ನೋಡಿದಷ್ಟೇ ಗಮನವಾಗಿ ಕೊಟ್ಟಿಗೆಯನ್ನೂ ನೋಡುತ್ತಾರೆ. ಮಾತುಕತೆಗೆ ಹುಡುಗನ ತಾಯಿ ಬಂದದ್ದು ಸಂಜೆ, ಹಾಲು ಕರೆಯುವ ಹೊತ್ತಿಗೆ. ಗಟ್ಟಿ ಹೆಂಗಸು. ಸೊಂಟಕ್ಕೆ ಸೆರಗು ಸಿಕ್ಕಿಸಿ ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅಪ್ಪ ನನ್ನನ್ನು ಮೂಲೆಗೆ ಕರೆದು ಕಿವಿಯಲ್ಲಿ ಅಂದರು, "ಒಸಿ ಮೆತ್ತಗೆ ಆಕು. ಕೇಳುಸ್ಬಾರ್ದು, ಅಸೀಗೆ ಮಾತ್ರ ಕೇಳುಸ್ಬೇಕು."

ಮೆತ್ತಗೆ ಹಾಕಿದೆ. ಆದರೆ ಆ ನಾಲ್ವರು ಮೆತ್ತಗೆ ಇರುವವರೇ? ನಡುಮನೆಯವರೆಗೂ ಕೇಳಿಸಿತು. ಹುಡುಗನ ತಾಯಿ ಲೋಟ ಕೆಳಗಿಟ್ಟು, "ಅದೇನ್ ಸದ್ದು?" ಅಂದರು.

"ಕ್ವಾರಿ ಕಡೆಯಿಂದ ಬತ್ತದೆ" ಅಂದುಬಿಟ್ಟರು ಅಪ್ಪ.

ನಾನು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ಅಕ್ಕ ನೊರೆ ಉಕ್ಕುವ ಚೊಂಬು ತಂದು ಅವರ ಮುಂದೆ ಇಟ್ಟಳು. ಆಕೆ ಬೆರಳು ಅದ್ದಿ ನೋಡಿ ತಲೆದೂಗಿದರು. ಮದುವೆ ನಿಶ್ಚಯವಾಯಿತು.

ಅಪ್ಪ ಆಡಿದ್ದು ಒಂದು ಮಾತು. ಆದರೆ ಆ ಒಂದು ಮಾತಿನಿಂದಾಗಿ, ಈ ಹಸುವಿಗೆ ಇಂಥ ಅಭ್ಯಾಸವಿದೆ ಅಂತ ಬೀಗರಿಗೆ ಹೇಳುವ ದಾರಿಯೇ ಮುಚ್ಚಿಹೋಯಿತು. ಹೇಳಿದರೆ ಮುಚ್ಚಿಟ್ಟು ಕೊಟ್ಟ ಹಾಗೆ ಆಗುತ್ತದೆ. "ಓದ್ ಮನೇಲಿ ಅದಾಗೇ ಒಂದ್ಕೊತದೆ ಬುಡು" ಅಂತ ಅಪ್ಪ ಸಮಾಧಾನ ಮಾಡಿಕೊಂಡರು. ಮದುವೆಯಾಗಿ ವಾರಕ್ಕೆ ಹಸು, ಕರು ಎರಡನ್ನೂ ಟೆಂಪೋದಲ್ಲಿ ಶೀಳನೆರೆಗೆ ಕಳಿಸಿದೆವು. ಅವ್ವ ಹಸುವಿನ ಹಣೆಗೆ ಕುಂಕುಮ ಇಟ್ಟು ಅತ್ತಳು. ನಾನು ಅಕ್ಕ ಹೋದಾಗ ಎಷ್ಟು ಅತ್ತಿದ್ದೆನೋ ಹಸು ಹೋದಾಗಲೂ ಅಷ್ಟೇ ಅತ್ತೆ. ಆದರೆ ಕ್ಯಾಸೆಟ್ಟು ನನ್ನ ಟ್ರಂಕಿನಲ್ಲೇ ಇತ್ತು. ಅದನ್ನು ಜೊತೆಗೆ ಕಳಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಕಳಿಸುತ್ತಿರಲಿಲ್ಲ.

ಹತ್ತು ದಿನಕ್ಕೆ ಭಾವ ಮೊಪೆಡ್ ಮೇಲೆ ಬಂದರು. ಭಾವ ಸಾಧು ಮನುಷ್ಯ, ಕಾಫಿ ಕುಡಿದು ಮುಗಿಸುವವರೆಗೂ ವಿಷಯ ಎತ್ತಲಿಲ್ಲ. ಆಮೇಲೆ ನೆಲ ನೋಡುತ್ತಾ ಹೇಳಿದರು, "ಅಸ ಆಲು ಕೊಡ್ತಿಲ್ಲ ಮಾವ. ತಳ ಮುಚ್ಚೋವಷ್ಟು ಬತ್ತದೆ, ಆಮೇಲೆ ಒದೀತದೆ. ನಮ್ಮವ್ವ ತೋರ್ಸಿದ್ ಅಸನೇ ಬೇರೆ, ಕಳ್ಸಿದ್ ಅಸನೇ ಬೇರೆ ಅಂತಾವ್ಳೆ."

ಅಪ್ಪನ ಮುಖ ಕಪ್ಪಿಟ್ಟಿತು. ಬಳುವಳಿ ಹಸು ಹಾಲು ಕೊಡಲಿಲ್ಲ ಅಂದರೆ ಅದು ಹಸುವಿನ ಮೇಲೆ ನಿಲ್ಲುವುದಿಲ್ಲ, ಸೊಸೆಯ ಕಾಲ್ಗುಣದವರೆಗೆ ಹೋಗುತ್ತದೆ. ಭಾವ ಹೊರಡುವಾಗ ನನ್ನನ್ನು ಕರೆದು ಮೆಲ್ಲಗೆ ಅಂದರು, "ನಿಮ್ಮಕ್ಕಂಗೆ ಅದ್ಯಾವ್ದೋ ಕ್ಯಾಸೆಟ್ ಬೇಕಂತೆ, ಬೇಜಾರಾಗ್ತದಂತೆ. ನಿಂಗೊತ್ತಂತಲ್ಲ?"

ನನಗೆ ಗೊತ್ತಿಲ್ಲದೆ ಏನು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಮೊದಲು ಯೋಚಿಸಿದ್ದು ಅಕ್ಕನ ಬಗ್ಗೆ ಅಲ್ಲ, ಕ್ಯಾಸೆಟ್ಟಿನ ಬಗ್ಗೆ. ಭಾವ ಇನ್ನೆರಡು ದಿನದಲ್ಲಿ ಪಾಂಡವಪುರಕ್ಕೆ ಬರುವವರಿದ್ದರು, ಆಗ ಕೊಡುತ್ತೇನೆ ಅಂದೆ. ಮಾರನೆಯ ದಿನವೇ ಭಾಯಿ ಅಂಗಡಿಗೆ ಓಡಿ ಅದರ ನಕಲು ಮಾಡಿಸಿದೆ. ಭಾಯಿಯ ಜೋಡಿ ಟೇಪಿನ ಬೆಲ್ಟು ಸಡಿಲ. ಅದರಲ್ಲಿ ತುಂಬಿದ್ದನ್ನು ಬೇರೆ ಕಡೆ ಹಾಕಿದರೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಒಂದಿಷ್ಟು ಓಡಿಕೊಂಡೇ ಹಾಡುತ್ತಿತ್ತು. ನನ್ನ ಕಿವಿಗೆ ಅದು ತಡೆಯದು. ಆದರೆ ಹಸುವಿಗೇನು ಗೊತ್ತಾಗುತ್ತದೆ, ಅಕ್ಕನಿಗಂತೂ ಎಲ್ಲವೂ ಬಾಯಿ ಬಡಿದುಕೊಳ್ಳುವುದೇ ಅಂದುಕೊಂಡೆ. ಗೋಡೆ ಮುಂದೆ ನಿಂತ ನಾಲ್ವರ ಕಾಗದವನ್ನು ಮಾತ್ರ ನಕಲಿನ ಡಬ್ಬಿಗೆ ಹಾಕಿ, ಅಸಲನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಭಾವನ ಕೈಗೆ ಕೊಡುವಾಗ, "ಹುಷಾರು ಭಾವ, ಒಂದೇ ಇರೋದು" ಅಂತ ಬೇರೆ ಅಂದೆ.

ವಾರ ಕಳೆಯಿತು. ಭಾವ ಮತ್ತೆ ಬಂದರು. ಈ ಸಲ ಕಾಫಿಗೂ ಕಾಯಲಿಲ್ಲ.

"ಅವ್ವಂಗೆ ಕೇಳ್ದಂಗೆ ಮೆತ್ತಗೆ ಆ ಕ್ಯಾಸೆಟ್ ಆಕುದ್ ಮೇಲೆ ಇನ್ನೂ ಕೆಟ್ಟೋಯ್ತು. ಮೊನ್ನೆ ಚೊಂಬು ಒದ್ದು ನಜ್ಜುಗುಜ್ಜು ಮಾಡ್ಬುಡ್ತು. ಅವ್ವ ಭಾನುವಾರದವರ್ಗೂ ನೋಡ್ತೀನಿ ಅಂದವ್ಳೆ ಮಾವ. ಆಮೇಲೆ ಅಸೀನ ವಾಪಸ್ ಒಡ್ಕೊಂಡೋಗು ಅಂತಾವ್ಳೆ."

ಬಳುವಳಿ ಹಸು ವಾಪಸು ಬರುವುದೆಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಊರ ಬೀದಿಯಲ್ಲಿ ಆ ಹಸು ಹಿಂದಕ್ಕೆ ನಡೆದು ಬಂದರೆ ಅಪ್ಪ ಮತ್ತೆ ಡೈರಿ ಕಟ್ಟೆ ಹತ್ತುವ ಹಾಗಿರಲಿಲ್ಲ. ಅಕ್ಕ ಆ ಮನೆಯಲ್ಲಿ ಬಾಳುವೆ ಮಾಡಬೇಕಾದವಳು, ಹೋದಲ್ಲಿ ಬಂದಲ್ಲಿ ಇದೇ ಮಾತು ಕೇಳಬೇಕಾಗುತ್ತಿತ್ತು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ನನ್ನ ಕಡೆ ನೋಡಿದರು.

"ಅದೇನ್ ಕೊಟ್ಟಮ್ಮಿ ನೀನು? ಅದೇ ಕ್ಯಾಸೆಟ್ ತಾನೆ?"

ಎದ್ದುಹೋಗಿ ಟ್ರಂಕು ತೆಗೆದು ಅಸಲು ಕ್ಯಾಸೆಟ್ಟು ತಂದೆ. ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ನೀನೇ ಓಗಿ ಕೊಟ್ಬುಟ್ಟು ಬಾ" ಅಂದರು ಅಷ್ಟೇ.

ಭಾನುವಾರ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತು ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಇನ್ನು ಮೇಲೆ ಇವರ ಹಾಡು ಕೇಳಬೇಕಾದರೆ ಹಬ್ಬಕ್ಕೋ ಹರಿದಿನಕ್ಕೋ ಶೀಳನೆರೆಗೆ ಬರಬೇಕು. ಅಲ್ಲಿಯವರೆಗೆ ಆ ಓಡುವ ನಕಲು ಕೂಡ ಇಲ್ಲ, ಅದೂ ಅಕ್ಕನ ಹತ್ತಿರವೇ ಇದೆ. ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕವ್ವ, ಗಂಡನ ಮನೆಗೆ ಓಯ್ತಿದ್ಯಾ?" ಅಂತ ಕೇಳಿದರು. ಹೂಂ ಅಂದುಬಿಟ್ಟೆ. ಅವರು ಶೀಳನೆರೆ ಬರುವವರೆಗೂ ನನಗೆ ಬುದ್ಧಿ ಹೇಳಿದರು.

ಹೋದ ಹೊತ್ತಿಗೆ ಸಂಜೆ ಹಾಲು ಕರೆಯುವ ಸಮಯ. ಅಕ್ಕ ಸೊರಗಿದ್ದಳು. ಕೈಬಳೆ ಮೊಣಕೈವರೆಗೆ ಸರಿಯುತ್ತಿದ್ದವು. ನನ್ನನ್ನು ನೋಡಿ ನಕ್ಕಳು. ಭಾವ ನಡುಮನೆಯಿಂದ ವೈರು ಎಳೆದು ಟೇಪ್ ರೆಕಾರ್ಡರನ್ನು ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಅದು ಕರೆಂಟಿಗೆ ಮಾತ್ರ ಓಡುವಂಥದ್ದು. ಬೀಗತಿ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತರು.

"ಇವತ್ತು ನಾನೇ ಕಣ್ಣಾರ ನೋಡ್ತೀನಿ. ಆ ಟೇಪು ಯಾತುಕ್ಕಪ್ಪ ಕೊಟ್ಟಿಗೇಲಿ?"

"ಅಕ್ಕಂಗೆ ಬೇಜಾರಾಯ್ತದಂತೆ" ಅಂದೆ. ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

ಗುಂಡಿ ಒತ್ತಿದೆ. ಎರಡನೆಯ ಮಗ್ಗುಲಿನ ಮೊದಲನೆಯ ಹಾಡು, ಅಂದರೆ ಐದನೆಯದು. ಹಸು ಕಿವಿ ತಿರುಗಿಸಿತು. ಅಯ್ಯೋ ನಮ್ಮ ಬಂಗಾರಿ, ಅದಕ್ಕೆ ನೆನಪಿತ್ತು! ಕರುವಿಗೆ ಒಂದಿಷ್ಟು ಕುಡಿಸಿ ಎಳೆದುಕೊಂಡೆ. ಅಕ್ಕ ಹಸುವಿನ ಹೊಟ್ಟೆಗೆ ಹಣೆ ಒತ್ತಿ ಕೂತಳು. ಚೊಂಬಿನ ತಳದಲ್ಲಿ ಚರ್ ಅಂತ ಸದ್ದಾಯಿತು, ಮತ್ತೆ ಚರ್, ಆಮೇಲೆ ಸಾಲಾಗಿ. ಐದನೆಯ ಹಾಡು ಮುಗಿಯುವ ಹೊತ್ತಿಗೆ ನೊರೆ ಕಾಣತೊಡಗಿತು. ಬೀಗತಿ ಕತ್ತು ಉದ್ದ ಮಾಡಿ ನೋಡಿದರು. ಆರನೆಯದು ಶುರುವಾಯಿತು, ಚೊಂಬು ಅರ್ಧಕ್ಕೆ ಬಂತು, ನಾನು ಉಸಿರು ಬಿಟ್ಟೆ.

ಕರೆಂಟು ಹೋಯಿತು.

ಹಾಡುಗಾರನ ದನಿ ಎಮ್ಮೆ ಕೂಗಿದ ಹಾಗೆ ದಪ್ಪವಾಗಿ ನಿಂತುಹೋಯಿತು. ಹಸು ತಲೆ ಎತ್ತಿತು. ಬಾಲ ಬೀಸಿತು. ಹಿಂಗಾಲು ಮೆಲ್ಲಗೆ ನೆಲ ಬಿಟ್ಟಿತು. ಚೊಂಬಿಗೆ ಬೀಳುತ್ತಿದ್ದ ಹಾಲು ನಿಂತಿತು.

"ಕರೆಂಟು ಓಗಿದ್ಕೂ ಅಸೀಗೂ ಏನವ್ವ ಸಂಬಂದ?" ಅಂದರು ಬೀಗತಿ.

ಭಾವ ನನ್ನನ್ನು ನೋಡಿದರು, ನಾನು ಕರುವನ್ನು ನೋಡಿದೆ. ಆಗ ಹಸುವಿನ ಹೊಟ್ಟೆಯ ಕಡೆಯಿಂದ ಒಂದು ಸದ್ದು ಬಂತು. ಡುಂ, ಡುಂ, ಡಕ. ಡುಂ, ಡುಂ, ಡಕ. ಅಕ್ಕ ಬಾಯಲ್ಲಿ ಡ್ರಮ್ಮು ಬಾರಿಸುತ್ತಿದ್ದಳು. ಗಿಟಾರು ನಿಂತ ಕಡೆಯಿಂದಲೇ ಎತ್ತಿಕೊಂಡಳು, ಕೆಳಗಿನ ಗುರ್ ಅನ್ನುವುದು ಗಂಟಲಲ್ಲಿ, ಮೇಲಿನದು ಮೂಗಿನಲ್ಲಿ. ಆಮೇಲೆ ಹಾಡು. ಒಂದು ಮಾತೂ ತಪ್ಪದೆ, ಆ ನೆಗಡಿ ದನಿಯನ್ನೂ ಬಿಡದೆ. ಹೊಸ ಸೊಸೆ, ತಲೆ ತುಂಬ ಸೆರಗು ಹೊದ್ದವಳು, ಗಂಡ ಅತ್ತೆ ಎದುರಿಗೆ, ಡುಂ ಡುಂ ಅಂತ ಕೊಟ್ಟಿಗೆ ತುಂಬುವ ಹಾಗೆ ಹಾಡುತ್ತಿದ್ದಳು. ಅಕ್ಕನ ಬಾಯಿಂದ ಅಷ್ಟು ದೊಡ್ಡ ದನಿ ಹೊರಟದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಹಸು ಎತ್ತಿದ್ದ ಕಾಲನ್ನು ಕೆಳಗಿಟ್ಟಿತು. ಚರ್ ಅಂತ ಚೊಂಬು ಮತ್ತೆ ಸದ್ದು ಮಾಡಿತು. ನನಗೆ ನಗುವೋ ಅಳುವೋ ಗೊತ್ತಾಗಲಿಲ್ಲ. ತಡೆಯಲಾರದೆ ನಾನೂ ದನಿ ಸೇರಿಸಿದೆ. ಅಕ್ಕ ಕರೆಯುವ ಕೈ ನಿಲ್ಲಿಸದೆ ಮೊಣಕೈಯಿಂದ ನನಗೊಂದು ತಿವಿದಳು. ಯಾಕೆಂದು ಆಗ ತಿಳಿಯಲಿಲ್ಲ.

ಚೊಂಬು ತುಂಬಿತು. ಅಕ್ಕ ಎದ್ದು, ಮುಖವೆಲ್ಲ ಕೆಂಪಾಗಿ, ಅದನ್ನು ಅತ್ತೆಯ ಮುಂದೆ ಹಿಡಿದಳು. ಬೀಗತಿ ಹಾಲು ನೋಡಲೇ ಇಲ್ಲ, ಅಕ್ಕನನ್ನೇ ನೋಡುತ್ತಿದ್ದರು.

"ಓ… ನಿಮ್ಮೂರ್ ಕ್ವಾರಿ ಸದ್ದು ಇದೇನಾ?"

ಸಿಕ್ಕಿಹಾಕಿಕೊಂಡೆವು. ನಾನು ತಪ್ಪು ಒಪ್ಪಿಕೊಳ್ಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದರು. ನಗುತ್ತಾ ನಗುತ್ತಾ ಹುಲ್ಲಿನ ಮೇಲೆ ಕೂತೇಬಿಟ್ಟರು.

"ನಮ್ಮವ್ವನ ಮನೆಯಿಂದ ನಂಜೊತೆ ಬಂದಿದ್ ಎಮ್ಮೆ, ಸೋಬಾನೆ ಏಳ್ದೆ ಒಂದ್ ತೊಟ್ಟು ಬುಡ್ತಿರ್ಲಿಲ್ಲ. ನಮ್ಮತ್ತೆಗೆ ಗೊತ್ತಾದ್ರೆ ನಗ್ತಾರೆ ಅಂತ ತಿಂಗ್ಳು ಬಾಯ್ ಮುಚ್ಕೊಂಡು ಒದೆ ತಿಂದಿವ್ನಿ. ಏಳಕ್ಕೇನಾಗಿತ್ತವ್ವ ನಿಂಗೆ? ನಾಳೆಯಿಂದ ಬಾಯ್ತುಂಬ ಏಳ್ಕೊ. ಅದ್ಯಾವ್ ಸೋಬಾನೆಯೋ ಏನೋ, ನಂಗೊಂದಕ್ಷರಾನೂ ತಿಳೀನಿಲ್ಲ."

ಭಾವ ಅಷ್ಟು ಹೊತ್ತೂ ಅಕ್ಕನನ್ನೇ ನೋಡುತ್ತಾ ನಿಂತಿದ್ದರು. ನನಗೆ ಅವರ ಮೇಲೆ ತುಂಬ ಅಭಿಮಾನ ಉಕ್ಕಿತು. ಆ ಚೊಂಬಿನ ಹಾಲಿನಲ್ಲೇ ಎಲ್ಲರಿಗೂ ಕಾಫಿಯಾಯಿತು.

ಮಾರನೆಯ ದಿನ ಬೆಳಗ್ಗೆ ಅಕ್ಕ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ರಸ್ತೆಯ ಅಂಚಿನಲ್ಲಿ ನಿಂತಾಗ ನಾನೇ ಶುರು ಮಾಡಿದೆ.

"ಮೊದ್ಲು ಕಳ್ಸಿದ್ದು ನಕಲಿ ಅಕ್ಕ. ಹಸು ಕಂಡು ಹಿಡ್ಕೊಂಡ್ಬುಡ್ತು."

"ಅಸ ಎಲ್ಲಿ ಕಂಡಿಡೀತು? ಒಂದ್ನೇ ಏಟಿಗೇ ನಾನೇ ಕಂಡಿಡ್ದೆ" ಅಂದಳು ಅಕ್ಕ. "ಅದು ಓಡೋಡಿ ಓಗ್ತದೆ. ಅದ್ರ ಜೊತೆ ನನ್ ಕೈಯೂ ಓಡ್ತಿತ್ತು. ಅದ್ಕೇ ಒದ್ದಿದ್ದು."

"ಮತ್ತೆ ಭಾವನ ಹತ್ರ ಹೇಳಿ ಕಳ್ಸಬಾರದಿತ್ತಾ?"

"ನಿಂಗೆ ಬಿಟ್ಕೊಡಕ್ಕೆ ಮನ್ಸಿಲ್ಲ ಅಂತ ಗೊತ್ತಾಯ್ತು. ಸುಮ್ಕಾದೆ."

ನನಗೆ ತಲೆ ಎತ್ತಲಾಗಲಿಲ್ಲ. ಹಾಗೆಯೇ ಕೇಳಿದೆ, "ನಿಂಗೂ ಅಷ್ಟು ಇಷ್ಟ ಅಂತ ಒಂದಿನಾನೂ ಹೇಳ್ಲಿಲ್ವಲ್ಲ ಅಕ್ಕ. ಬೈತಾನೇ ಇದ್ದೆ."

"ನೀನೊಂದಿನ ಕೇಳಿದ್ಯಾ? ನನ್ ಆಡು, ನನ್ ಬ್ಯಾಂಡು, ನನ್ ಕ್ಯಾಸೆಟ್ಟು, ಮುಟ್ಬೇಡ ಅಂತಿದ್ದೆ. ಇನ್ನು ನಾನೇನ್ ಏಳ್ಲಿ? ದಿನಾ ಎರಡೊತ್ತು ಕೇಳ್ತಿದ್ದೆ. ಸಾಕಾಗಿತ್ತು ನಂಗೆ."

ಅಷ್ಟು ತಿಂಗಳು ಒಂದೇ ಕೊಟ್ಟಿಗೆಯಲ್ಲಿ, ಒಂದೇ ಹಸುವಿನ ಎರಡು ಪಕ್ಕದಲ್ಲಿ ಕೂತು, ಇಡೀ ಜಿಲ್ಲೆಯಲ್ಲಿ ಇವರನ್ನು ಕೇಳುವವಳು ನಾನೊಬ್ಬಳೇ ಅಂತ ಮೆರೆದಿದ್ದೆ. ನಾಗಮಂಗಲದವರೆಗೂ ಹೋಗಿ ಹುಡುಕಿದ್ದೆ. ಕ್ಯಾಸೆಟ್ಟನ್ನು ಅಕ್ಕನ ಕೈಗೆ ತುರುಕಿದೆ. ಈ ಸಲ ಅಳು ಬರಲಿಲ್ಲ, ನಿಜವಾಗಿಯೂ ಕೊಡಬೇಕು ಅನ್ನಿಸಿತ್ತು.

"ನಿನ್ನತ್ರನೇ ಇರ್ಲಿ ಅಕ್ಕ."

ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂತೆ. ಬಸ್ಸು ಹೊರಡುವ ಹೊತ್ತಿಗೆ ಅಕ್ಕ ಕಂಬಿಗಳ ನಡುವೆ ಕೈ ತೂರಿಸಿ ಕ್ಯಾಸೆಟ್ಟನ್ನು ನನ್ನ ಮಡಿಲಿಗೆ ಹಾಕಿದಳು.

"ನಂಗ್ಯಾಕೆ? ನಂಗೆ ಎಂಟೂ ಬತ್ತದೆ. ನಿಂಗೇ ಬರಲ್ಲ. ಆರ್ನೇದ್ರಲ್ಲಿ ಎಲ್ರೂ ಸುಮ್ಕಾಯ್ತಾರಲ್ಲ, ಅಲ್ಲಿ ಎರಡೇಟು ತಡೀಬೇಕು. ನೀನು ಯಾವಾಗ್ಲೂ ಮುಂದಕ್ಕೆ ನುಗ್ಬುಡ್ತೀಯ. ನಿನ್ನೇನೂ ಅಂಗೇ ಮಾಡ್ದೆ. ತಕೊಂಡೋಗಿ ಒಸಿ ನೆಟ್ಟುಗೆ ಕಲ್ತ್ಕೊ."

ನಾನು ಏನಾದರೂ ಅನ್ನುವುದರೊಳಗೆ ಬಸ್ಸು ಹೊರಟಿತು. ಹೊರಗೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ನಿಂತಿದ್ದಳು. ಸಿಟ್ಟು ಬಂತು. ನನಗೆ ಹೇಳಿಕೊಡಲು ಬರುತ್ತಾಳೆ! ಕಂಬಿ ತಟ್ಟುತ್ತಾ ಆರನೆಯ ಹಾಡನ್ನು ಮೊದಲಿನಿಂದ ಹೇಳಿ ನೋಡಿದೆ. ಅವಳು ಹೇಳಿದ್ದು ಸರಿ, ನಾನು ನುಗ್ಗುತ್ತಿದ್ದೆ.